ಹಸಿರು ತಲೆಯ ಗುಂಡುಸೂಜಿ

ಗೋಡೆಯ ಮೇಲೆ ರಾಜ್ಯದ ನಕ್ಷೆ. ಅದರ ಮೈತುಂಬ ಗುಂಡುಸೂಜಿಗಳು. ಹಿಂದಿನ ತಿಂಗಳು ಕಾರ್ಖಾನೆಗಳು ಜನರನ್ನು ಗುಂಪುಗುಂಪಾಗಿ ಹೊರಹಾಕಿದ ಊರಿಗೆ ಕೆಂಪು ತಲೆಯದು, ಚೇತರಿಸಿಕೊಂಡ ಊರಿಗೆ ಹಸಿರು ತಲೆಯದು. ದಕ್ಷಿಣದ ನೂಲಿನ ಗಿರಣಿಗಳ ಸಾಲು ಗಾಯಕ್ಕೆ ಹಾಕಿದ ಹೊಲಿಗೆಯಂತೆ ಕೆಂಪು. ಬಂದರಿನ ಸುತ್ತ ಚದುರಿದ ಕೆಂಪು, ನಡುನಾಡಿನಲ್ಲಿ ಅಲ್ಲಲ್ಲಿ ಹಸಿರು. ಉತ್ತರದಲ್ಲಿ, ನದಿ ಹೊರಳುವ ಕಡೆ, ಗಾಜಿನ ಕಾರ್ಖಾನೆಯ ಊರಿಗೆ ಒಂಟಿ ಹಸಿರು. ಕಿಟಕಿಯ ಬೆಳಕು ಅದರ ಪುಟ್ಟ ತಲೆಯ ಮೇಲೆ ಹನಿಯಾಗಿ ನಿಂತಿತ್ತು.

ಆ ಹನಿಯನ್ನೇ ನೋಡುತ್ತ ಭಾವ ಕುಳಿತಿದ್ದ. ಊದುಗೊಳವೆಯಲ್ಲಿ ಗಾಜು ಊದಿ ಊದಿ ಕೆನ್ನೆ ಸಡಿಲಾದವನು. ಹೋದ ತಿಂಗಳು ಎಲ್ಲರ ಜೊತೆ ಹೊರಬಿದ್ದವನು. ಮೇಜಿನ ಆಚೆ ಅವನ ಹೆಂಡತಿಯ ತಮ್ಮ, ಕಾರ್ಮಿಕ ಇಲಾಖೆಯ ಅಂಕಿಅಂಶದ ಅಧಿಕಾರಿ. ಪರಿಹಾರ ಸಿಗುತ್ತಿದ್ದುದು ಕೆಂಪು ಊರುಗಳಿಗೆ ಮಾತ್ರ.

"ಒಂದು ಸೂಜಿ ಕಿತ್ತು ಇನ್ನೊಂದು ಚುಚ್ಚೋಕೆ ಎಷ್ಟು ಹೊತ್ತು ಬೇಕಪ್ಪ ನಿಂಗೆ?"

"ಚುಚ್ಚೋದು ನಾನಲ್ಲ ಭಾವ, ಲೆಕ್ಕ. ಪ್ರತಿವರ್ಷ ಆ ತಿಂಗಳಲ್ಲಿ ನಿಮ್ಮ ಕುಲುಮೆ ರಿಪೇರಿಗೆ ನಿಲ್ಲುತ್ತೆ, ಎಲ್ಲರನ್ನೂ ಮನೆಗೆ ಕಳಿಸಿ ಆಮೇಲೆ ಕರೀತಾರೆ. ಅದನ್ನ ಋತುಮಾನದ ಏರಿಳಿತ ಅಂತ ಲೆಕ್ಕದಿಂದ ಕಳೆದುಬಿಡ್ತೀವಿ. ಈ ಸಲ ಹೋದ ವರ್ಷಕ್ಕಿಂತ ಕಡಿಮೆ ಜನ ಹೊರಗೆ ಬಂದಿದ್ದಾರೆ. ಹಾಗಾಗಿ ಸುಧಾರಣೆ ಅಂತ ಬಂತು."

"ಒಳಗೆ ಉಳಿದಿದ್ದವರೇ ಅಷ್ಟೇ ಜನ, ಇನ್ನೆಷ್ಟು ಬರ್ತಾರೆ? ಈ ಸಲ ರಿಪೇರಿ ಅಲ್ಲ ಕಣಪ್ಪ. ಕುಲುಮೆ ಆರಿಸಿ ಗೇಟಿಗೆ ಬೀಗ ಹಾಕಿದ್ದಾರೆ."

"ಗೊತ್ತು. ಅಕ್ಕ ಫೋನಲ್ಲಿ ಹೇಳಿದಳು."

"ಗೊತ್ತಿದ್ದೂ?"

ಅಧಿಕಾರಿ ಕನ್ನಡಕ ತೆಗೆದು ಒರೆಸತೊಡಗಿದ. ಋತುಮಾನ ಕಳೆಯುವ ಆ ಲೆಕ್ಕದ ವಿಧಾನ ಅವನದೇ. ಈ ಕೋಣೆ, ಈ ತಿರುಗುವ ಕುರ್ಚಿ ಅದರಿಂದಲೇ ದಕ್ಕಿದ್ದು. ಒಂದು ಊರಿನ ಮಟ್ಟಿಗೆ ತಪ್ಪೆಂದು ಒಪ್ಪಿದರೆ ನಾಳೆ ನಕ್ಷೆಯ ಹಸಿರೆಲ್ಲ ಉತ್ತರ ಕೇಳುತ್ತ ಬಂದು ನಿಲ್ಲುತ್ತದೆ.

"ವರದಿ ಮೇಲಕ್ಕೆ ಹೋಗಿದೆ ಭಾವ. ವರ್ಷದ ಕೊನೇಲಿ ಪರಿಷ್ಕರಣೆ ಅಂತ ಮಾಡ್ತೀವಿ, ಆಗ ಸರಿಹೋಗುತ್ತೆ. ಅಲ್ಲೀತನಕ ತಡ್ಕೊಳ್ಳಿ."

"ಹೊಟ್ಟೆಗೂ ಹಾಗೇ ಹೇಳಿ ನೋಡ್ತೀನಿ. ನೀನು ಬರೀ ಋತುಮಾನದ ಹಸಿವು ಕಣೋ, ಪರಿಷ್ಕರಣೇಲಿ ಸರಿಹೋಗ್ತೀಯ ಅಂತ."

"ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ. ನಿಮಗೆ, ಅಕ್ಕಂಗೆ ನಾನು ಕಡಿಮೆ ಮಾಡ್ತೀನಾ?"

"ನಮಗಿಬ್ಬರಿಗೆ. ಬಾಮೈದ ದೊಡ್ಡ ಆಫೀಸರು ಅಂತ ಜಂಬ ಕೊಚ್ಚಿಕೊಂಡು ಬಸ್ಸು ಹತ್ತಿದೋನು ನಾನು. ಇಡೀ ಓಣಿ ನನ್ನ ದಾರಿ ಕಾಯ್ತಿದೆ."

ಭಾವ ಎದ್ದು, ಮೇಜಿನ ಮೇಲಿದ್ದ ಡಬ್ಬಿಯಿಂದ ಕೆಂಪು ಸೂಜಿಯೊಂದನ್ನು ಆರಿಸಿಕೊಂಡ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದು ನಕ್ಷೆಯ ಕಡೆ ಕೈ ಚಾಚಿದ.

"ಕೂತ್ಕೊ ಕೂತ್ಕೊ. ನಿನ್ನ ನಕ್ಷೆ ಮುಟ್ಟಲ್ಲ." ಸುಟ್ಟ ಕಲೆಗಳ ಬೆರಳುಗಳಿಂದ ಸೂಜಿಯನ್ನು ತನ್ನ ಅಂಗಿಯ ಜೇಬಿಗೆ ಚುಚ್ಚಿಕೊಂಡ. "ಊರಿಗೇನು ತಂದೆ ಅಂತ ಕೇಳ್ತಾರಲ್ಲ, ತೋರಿಸೋಕೆ ಏನಾದ್ರೂ ಬೇಕು."

ಅಧಿಕಾರಿಯ ಚಾಚಿದ ಕೈ ನಕ್ಷೆಯ ಮುಂದೆ ಇನ್ನೂ ಹಾಗೆಯೇ ಇತ್ತು. ಭಾವ ಹೊರಗೆ ಕಾಲಿಟ್ಟ ಮೇಲೆ ಸ್ಪ್ರಿಂಗಿನ ಬಾಗಿಲು, ಯಾವ ಅವಸರವೂ ಇಲ್ಲದೆ, ತಾನಾಗಿ ಮುಚ್ಚಿಕೊಂಡಿತು.