ಅತ್ತಿಗೆ ಹೇಳಿಕೊಡದ ಪಾಠ

ಮರ್ಜಾನ್ ಎರಡೂ ಅಂಗೈ ಊರಿ ಗಡಿಯಾರ ನಿಲ್ಲಿಸಿದಾಗ ಅಂಕಿ ಹನ್ನೆರಡು ಸೆಕೆಂಡಿನಲ್ಲಿ ನಿಂತಿತ್ತು. ಎದುರಿಗೆ ಕೂತಿದ್ದ ಸಂದುಗಾಶ್ ಅದನ್ನು ಚೀಟಿಯಲ್ಲಿ ಬರೆಯುವುದನ್ನೇ ಮರೆತಳು.

"ಬರಿಯೇ, ಮುದ್ದೂ," ಎಂದಳು ಮರ್ಜಾನ್. ಗಂಡನ ತಂಗಿಯನ್ನು ಹೆಸರು ಹಿಡಿದು ಕೂಗುವ ಪದ್ಧತಿ ಅವರಲ್ಲಿಲ್ಲ. ಮದುವೆಯಾಗಿ ಬಂದ ದಿನವೇ ಅತ್ತಿಗೆ ಇಟ್ಟ ಹೆಸರು ಅದು.

ಕರಗಂಡಾ ನಗರದ ಶಾಲೆಯೊಂದರ ವ್ಯಾಯಾಮದ ಹಾಲ್‌ನಲ್ಲಿ ಅಂದು ಬಣ್ಣದ ಚೌಕಗಳ ಕ್ಯೂಬ್ ಬಿಡಿಸುವ ಸ್ಪರ್ಧೆ. ಇಂಥ ಕಡೆ ತೀರ್ಪುಗಾರರು ಅಂತ ಬೇರೆ ಯಾರೂ ಇರುವುದಿಲ್ಲ. ತಮ್ಮ ಸರದಿ ಮುಗಿಸಿದವರೇ ಉಳಿದವರ ಮುಂದೆ ಕೂತು ಕೈ ನೋಡಬೇಕು, ಸಮಯ ಬರೆಯಬೇಕು. ಸಂದುಗಾಶ್ ಬೆಳಿಗ್ಗೆಯೇ ತನ್ನ ಐದು ಸರದಿ ಮುಗಿಸಿದ್ದಳು. ಸರಾಸರಿ ಹದಿನಾರಕ್ಕೆ ತುಸು ಕಡಿಮೆ. ದೊಡ್ಡ ಸ್ಪರ್ಧೆಗೆಂದು ತಾಷ್ಕೆಂಟಿಗೆ ಹೋಗುವ ಹೆಂಗಸರ ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ, ಅವಳನ್ನು ಮೀರಿಸಲು ಉಳಿದಿದ್ದವಳು ಅತ್ತಿಗೆಯೊಬ್ಬಳೇ. ಸಂದುಗಾಶ್ ತಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ರಜೆಯನ್ನೂ ಕೇಳಿಟ್ಟಿದ್ದಳು, ಪಾಪ.

ಹನ್ನೆರಡು ಸೆಕೆಂಡಿಗಿಂತ ಅವಳನ್ನು ಕಂಗೆಡಿಸಿದ್ದು ಅತ್ತಿಗೆಯ ಕೈ. ಮನೆಯಲ್ಲಿ ಆ ಕೈ ಟಕಟಕ ಓಡುತ್ತಿತ್ತು, ನಿಲ್ಲುತ್ತಿತ್ತು, ಕಣ್ಣು ಕಿರಿದು ಮಾಡಿ ಬಣ್ಣ ಹುಡುಕಿ ಮತ್ತೆ ಓಡುತ್ತಿತ್ತು. ಇಲ್ಲಿ ಅದು ಹಿಟ್ಟು ನಾದುವವರ ಕೈಯಂತೆ ನಿಧಾನವಾಗಿ ತಿರುಗಿತು, ಒಮ್ಮೆಯೂ ನಿಲ್ಲಲಿಲ್ಲ. ಒಂದು ತುಣುಕು ಕೂರಿಸುವಷ್ಟರಲ್ಲಿ ಕಣ್ಣು ಮುಂದಿನ ತುಣುಕನ್ನು ಹಿಡಿದಾಗಿತ್ತು.

ಕ್ಯೂಬ್ ಎಂದರೆ ಮನೆಮನೆಗೂ ಒಂದೊಂದು ತಪ್ಪು ತಿಳಿವಳಿಕೆ. ಇದನ್ನು ಬಿಡಿಸುವವರಿಗೆ ಲೆಕ್ಕದ ತಲೆ ಇರುತ್ತದೆಂದು ಸಂದುಗಾಶಳ ತಾಯಿ ಕುಲ್ಜಾನ್ ನಂಬಿದ್ದಳು. ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬೆರಳು ಮಡಚುವ ಮಗಳನ್ನು ಬ್ಯಾಂಕಿಗೆ ಸೇರಿಸುವ ಕನಸು ಅವಳದು. ಅಣ್ಣ ಬೆಕ್ಸುಲ್ತಾನ್‌ನ ಪ್ರಕಾರ ಒಂದೇ ಒಂದು ಗುಟ್ಟಿನ ಸೂತ್ರವಿದೆ, ಅದು ಸಿಕ್ಕರೆ ಮುಗಿಯಿತು. ಇಬ್ಬರನ್ನೂ ಕಂಡು ಮರ್ಜಾನ್ ನಗುತ್ತಿದ್ದಳು. "ತಲೆನೂ ಇಲ್ಲ, ಗುಟ್ಟೂ ಇಲ್ಲ. ಬೆರಳು ಕಣೇ! ಬೆರಳು ಓಡಿದ್ರೆ ಕ್ಯೂಬ್ ಓಡುತ್ತೆ. ಫೋನಲ್ಲಿ ಅವ್ರಿವ್ರನ್ನ ನೋಡಿ ಕಲೀಬೇಡ, ಕೈ ಕೆಡುತ್ತೆ."

ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಸ್ವಭಾವ ಸಂದುಗಾಶಳದು. ಎರಡು ವರ್ಷ ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಬೆರಳು ಅದ್ದಿದಳು, ರಬ್ಬರ್ ಬ್ಯಾಂಡ್ ಸುತ್ತಿ ಎಳೆದಳು, ಮಣಿಕಟ್ಟು ಊದಿದಾಗ ಪಟ್ಟಿ ಕಟ್ಟಿಕೊಂಡಳು. ಬೆರಳು ಓಡಿತು. ಸಮಯ ಮಾತ್ರ ಹದಿನಾರಕ್ಕೆ ಅಂಟಿಕೊಂಡು ಕೂತಿತು.

ಎರಡನೆಯ ಸರದಿ ಹದಿಮೂರು. ಬಣ್ಣ ಕಲಸಿ ಮುಚ್ಚಿಟ್ಟ ಕ್ಯೂಬುಗಳನ್ನು ಮೇಜಿಗೆ ತಂದಿಡುತ್ತಿದ್ದ ಮುದುಕ ಗೆನ್ನಾದಿ ಖುಷಿಯಿಂದ ಬಗ್ಗಿದ.

"ನಿಮ್ಮತ್ತಿಗೆ ಕೈ ನೋಡಿದ್ಯಾ? ಶನಿವಾರದ ಕ್ಲಾಸಲ್ಲಿ ಮೊದಲನೇ ದಿನಾನೇ ಮಕ್ಕಳಿಗೆ ಇದನ್ನೇ ಹೇಳ್ತಾಳೆ. 'ಕೈ ನಿಧಾನ, ಕಣ್ಣು ಮುಂದೆ.' ನನ್ನ ಮೊಮ್ಮಗಳು ನಿದ್ದೇಲೂ ಅದನ್ನೇ ಬಡಬಡಿಸ್ತಾಳೆ. ಮನೇಲೇ ಗುರು ಇದ್ದಾಳೆ ನಿಂಗೆ, ಪುಣ್ಯವಂತೆ!"

ಅವನು ಹೋದ ಮೇಲೆ ಸಂದುಗಾಶ್ ಪೆನ್ನು ಕೆಳಗಿಟ್ಟಳು.

"ಊರ ಮಕ್ಕಳಿಗೆಲ್ಲ ಹೇಳಿದ್ದೀರ. ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಆಮೇಲೆ ಮಾತಾಡೋಣ."

"ಆ ಬಿಸಿನೀರು... ನೀವೇ ಕಾಯಿಸಿ ಕೊಡ್ತಿದ್ರಿ."

ಮೂರನೆಯ ಸರದಿಯಲ್ಲಿ ಮರ್ಜಾನ್‌ಳ ಕೈಯಿಂದ ಕ್ಯೂಬ್ ಜಾರಿತು. ಹತ್ತೊಂಬತ್ತೂವರೆ. ನಾಲ್ಕನೆಯದು ಹದಿನೇಳು. ಮುಂದಿನ ಕ್ಯೂಬ್ ಬರುವವರೆಗೆ ಅವಳು ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು.

"ನಿಮ್ಮಮ್ಮ 'ನಾದಿನಿಗೂ ಕಲಿಸು' ಅಂದ್ರು. ನನ್ನ ಹೊಲಿಗೆ ಮೆಷಿನ್ ನಿಂದಾಯ್ತು. ತವರಿಂದ ತಂದ ಕೋಟು ನಿಂದಾಯ್ತು. ಇದೊಂದಾದ್ರೂ ನಂದೇ ಆಗಿರ್ಲಿ ಅನ್ನಿಸ್ತು ಕಣೇ."

"ಕಲಿಸಲ್ಲ ಅಂದಿದ್ರೆ ಆಗ್ತಿತ್ತು."

"ಸೊಸೆ ಆದವಳು 'ಇಲ್ಲ' ಅಂದಿದ್ದು ನಮ್ಮನೇಲಿ ಯಾವತ್ತಾದ್ರೂ ಕೇಳಿದ್ಯಾ?"

ಆ ಮಾತು ನಿಜವೆಂದು ಗೊತ್ತಿದ್ದರೂ ಸಂದುಗಾಶಳ ಸಂಕಟ ಕಡಿಮೆಯಾಗಲಿಲ್ಲ. ನಂಬಿಸಿ ಕುತ್ತಿಗೆ ಕೊಯ್ದಳಲ್ಲ, ಅದೂ ನಗುನಗುತ್ತಾ, ಬಿಸಿನೀರಿನ ಬೋಗುಣಿ ಕೈಗಿಟ್ಟು!

ಕೊನೆಯ ಸರದಿ. ಕ್ಯೂಬ್ ಮೇಜಿಗೆ ಬಿತ್ತು, ಅಂಗೈಗಳು ಗಡಿಯಾರಕ್ಕೆ ಬಡಿದವು. ಹದಿನೇಳು. ಆದರೆ ಕ್ಯೂಬಿನ ಮೇಲಿನ ಪದರ ಓರೆಯಾಗಿ ನಿಂತಿತ್ತು. ಓರೆ ಒಂದು ತಿರುವಿನ ಅರ್ಧಕ್ಕಿಂತ ಹೆಚ್ಚಿದ್ದರೆ ಎರಡು ಸೆಕೆಂಡು ದಂಡ, ಕಡಿಮೆಯಿದ್ದರೆ ಇಲ್ಲ. ದಂಡ ಬಿದ್ದರೆ ಮರ್ಜಾನ್‌ಳ ಸರಾಸರಿ ಹದಿನಾರು ದಾಟುತ್ತದೆ, ತಾಷ್ಕೆಂಟ್ ಸಂದುಗಾಶಳದಾಗುತ್ತದೆ. ಹೆಚ್ಚೋ ಕಡಿಮೆಯೋ ಹೇಳಬೇಕಾದವಳು ಎದುರಿಗೆ ಕೂತ ತೀರ್ಪುಗಾರ್ತಿ ಒಬ್ಬಳೇ.

ಸಂದುಗಾಶ್ ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಕಡಿಮೆಯೇ ಇತ್ತು. ಕೂದಲೆಳೆಯಷ್ಟು.

"ನೀನು ಹೇಳಿದ ಹಾಗೆ," ಎಂದಳು ಮರ್ಜಾನ್, ಸಣ್ಣ ದನಿಯಲ್ಲಿ. "ನಾನು ಎದುರಾಡಲ್ಲ."

ಸುಳ್ಳು ಬರೆಯಲು ಸಂದುಗಾಶಳಿಗೆ ಕೈ ಬರಲಿಲ್ಲ, ಕೈ ಬರಲಿಲ್ಲವೆಂದು ತನ್ನ ಮೇಲೆಯೇ ಸಿಟ್ಟು ಬಂತು. ಹದಿನೇಳು ಎಂದು ಬರೆದು ಚೀಟಿಯನ್ನು ಆಚೆ ತಳ್ಳಿದಳು. ಮರ್ಜಾನ್ ಸಹಿ ಹಾಕುವಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಮಾಂಸ ಬೆಂದಿತ್ತು. ಕುಲ್ಜಾನ್ ಪಕ್ಕದ ಮನೆಯವರನ್ನೂ ಕರೆದಿದ್ದಳು. ಸೊಸೆ ಗೆದ್ದರೂ ಕೀರ್ತಿ ಮನೆಗೇ ತಾನೇ! ಚಹಾ ಬಗ್ಗಿಸುವುದು ಸೊಸೆಯ ಕೆಲಸ. ಆದರೆ ಮರ್ಜಾನ್ ಏಳುವ ಮೊದಲೇ ಸಂದುಗಾಶ್ ಹೋಗಿ ಚಹಾದ ನೀರು ಕುದಿಯುತ್ತಿದ್ದ ಸಮೋವರಿನ ಪಕ್ಕ ಕೂತಳು.

"ಇವತ್ತು ಅವ್ರು ಕೂತ್ಕೊಳ್ಲಿ. ಗೆದ್ದವರು."

"ಹೆಂಗಿದೆ ನೋಡಿ ನಮ್ಮ ಅತ್ತಿಗೆ-ನಾದಿನಿ ಪ್ರೀತಿ!" ಎಂದು ಕುಲ್ಜಾನ್ ಪಕ್ಕದ ಮನೆಯಾಕೆಯ ತೊಡೆ ತಟ್ಟಿದಳು.

ಸಂದುಗಾಶ್ ಒಬ್ಬೊಬ್ಬರಿಗೂ ಬಟ್ಟಲಿನ ಅರ್ಧಕ್ಕೆ ಬಗ್ಗಿಸಿ ಕೊಟ್ಟಳು: ಪಕ್ಕದ ಮನೆಯವರಿಗೆ, ತಾಯಿಗೆ, ಅಣ್ಣನಿಗೆ. ಅತ್ತಿಗೆಯ ಬಟ್ಟಲಿಗೆ ಹಾಲು ಹಾಕಿದಳು, ಚಹಾ ಹಾಕಿದಳು, ಅರ್ಧಕ್ಕೆ ನಿಲ್ಲಿಸಲಿಲ್ಲ. ಅಂಚಿನವರೆಗೂ ತುಂಬಿಸಿ ಮುಂದಿಟ್ಟಳು.

ಬೆಕ್ಸುಲ್ತಾನ್ ಹೇಳುತ್ತಿದ್ದ ಜೋಕು ನಡುವೆಯೇ ನಿಂತಿತು.

"ಏನೇ ಇದು!" ಕುಲ್ಜಾನ್ ಗಾಬರಿಯಿಂದ ಕೈ ಚಾಚಿದಳು. "ಹಂಗೆ ತುಂಬಿಸಿ ಕೊಡೋದು ಕುಡಿದು ಎದ್ದು ಹೋಗ್ಲಿ ಅನ್ನೋ ನೆಂಟರಿಗೆ ಕಣೇ. ಮನೆಯವರಿಗೆ ಯಾರಾದ್ರೂ ಹಂಗೆ ಕೊಡ್ತಾರಾ?"

"ಗೊತ್ತಮ್ಮ," ಎಂದಳು ಸಂದುಗಾಶ್.

ಅತ್ತೆಯ ಕೈ ತಾಗುವ ಮೊದಲೇ ಮರ್ಜಾನ್ ಬಟ್ಟಲನ್ನು ಎತ್ತಿಕೊಂಡಳು. ಬಿಸಿ ಚಹಾ ಅಂಚು ಮೀರಿ ಅವಳ ಮಣಿಕಟ್ಟಿನ ಮೇಲೆ ಹರಿದು ಮೇಜುಬಟ್ಟೆಗೆ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳದೆ ಕುಡಿಯತೊಡಗಿದಳು.