ಕನ್ನಡ ಬಲ್ಲ ಒಬ್ಬ ಕೈದಿ

ಕಾರ್ಮಿಕ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದ ವೈಜಯಂತಿಯವರನ್ನು ಸರ್ಕಾರ ಎರಡು ವರ್ಷದ ಮಟ್ಟಿಗೆ ಜೈಲು ಸಂದರ್ಶಕಿಯಾಗಿ ನೇಮಿಸಿತ್ತು. ದೆಹಲಿಯಂಚಿನ ಒಂದು ಜೈಲಿಗೆ ಆಗಾಗ ಹೋಗಿ, ಕೈದಿಗಳೊಂದಿಗೆ ಮಾತಾಡಿ, ಕಂಡದ್ದನ್ನು ವರದಿ ಮಾಡುವುದು ಕೆಲಸ. ಮೊದಲ ಮೂರು ಸಲ ಫೋನ್ ಮಾಡಿಯೇ ಹೋಗಿದ್ದರು. ಮೂರು ಸಲವೂ ಹೊಸ ಸುಣ್ಣದ ವಾಸನೆ, ಒಗೆದ ಹೊದಿಕೆಗಳು, ಸೂಪರಿಂಟೆಂಡೆಂಟರ ಕೋಣೆಯಲ್ಲಿ ತಟ್ಟೆ ತುಂಬ ಗೋಡಂಬಿ. ಮುಂಚೆ ಹೇಳದೆಯೂ ಬರಬಹುದೆಂದು ನೇಮಕದ ಆದೇಶದಲ್ಲೇ ಇತ್ತು. 2007ರ ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ ಅವರು ಯಾರಿಗೂ ತಿಳಿಸದೆ ದ್ವಾರಕಾದ ಮನೆಯಿಂದ ಟ್ಯಾಕ್ಸಿ ಹಿಡಿದರು.

ಗೇಟಿನಲ್ಲಿ ಐವತ್ತು ನಿಮಿಷ ನಿಲ್ಲಿಸಿದರು. ಆದೇಶದ ಪ್ರತಿಯನ್ನು ಮೂವರು ಓದಿದ ಮೇಲೆ ಡೆಪ್ಯುಟಿ ಸೂಪರಿಂಟೆಂಡೆಂಟ್ ಬಂದ.

"ಒಂದು ಫೋನ್ ಮಾಡಿದ್ದರೆ ವ್ಯವಸ್ಥೆ ಮಾಡ್ತಿದ್ದೆವಲ್ಲ ಮೇಡಂ," ಎಂದು ಹಿಂದಿಯಲ್ಲಿ ಹೇಳಿ ನಕ್ಕ.

"ಅದಕ್ಕೇ ಮಾಡಲಿಲ್ಲ."

ಐದನೇ ಬ್ಯಾರಕ್ಕು ನಲವತ್ತು ಜನರಿಗೆಂದು ಕಟ್ಟಿದ್ದು. ವೈಜಯಂತಿ ಬಾಗಿಲಲ್ಲೇ ನಿಂತು ತಲೆ ಎಣಿಸತೊಡಗಿದರು. ಅಷ್ಟು ವರ್ಷ ದೆಹಲಿಯಲ್ಲಿದ್ದರೂ ಎಣಿಕೆ ಮಾತ್ರ ಅವರಿಗೆ ಕನ್ನಡದಲ್ಲೇ ಬರುತ್ತಿತ್ತು. ತೊಂಬತ್ತಮೂರು, ತೊಂಬತ್ತನಾಲ್ಕು ಎಂದು ಗೊಣಗುತ್ತಿದ್ದಾಗ ಗೋಡೆಗೊರಗಿ ಕೂತಿದ್ದ ತೆಳ್ಳನೆಯ ಮನುಷ್ಯನೊಬ್ಬ ಎದ್ದು ನಿಂತ.

"ಅಮ್ಮ, ಕನ್ನಡದವರಾ ನೀವು?"

ಅವನ ಹೆಸರು ಜಯಾನಂದ. ಕುಂದಾಪುರದ ಕಡೆಯವನು, ಓಖ್ಲಾದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದವನು. ಧಣಿಯ ಮನೆಯ ಚಿನ್ನ ಕದ್ದನೆಂಬ ಆರೋಪ. ಒಳಗೆ ಬಂದು ಮೂರು ವರ್ಷ ಎಂಟು ತಿಂಗಳಾದರೂ ವಿಚಾರಣೆ ಮುಗಿದಿರಲಿಲ್ಲ.

"ಕ್ಯಾ ಬೋಲ್ ರಹಾ ಹೈ?" ಎಂದು ಡೆಪ್ಯುಟಿ ಹತ್ತಿರ ಬಂದ.

"ಊರಿನ ಸಮಾಚಾರ," ಎಂದರು ವೈಜಯಂತಿ.

ಜಯಾನಂದ ಮುಖದ ತುಂಬ ನಗು ತಂದುಕೊಂಡ. "ಹೀಗೇ ನಗ್ತಾ ಕೇಳಿ ಅಮ್ಮ. ಅಡುಗೆಮನೆ ಹಿಂದೆ ಬೀಗ ಹಾಕಿದ ಒಂದು ಕೋಣೆ ಉಂಟು. ಒಬ್ಬನನ್ನು ಕಾಲು ಮುರಿದು ಅದರೊಳಗೆ ಹಾಕಿದ್ದಾರೆ. ಆರು ದಿನ ಆಯ್ತು. ನಿನ್ನೆವರೆಗೆ ಕೂಗ್ತಿದ್ದ, ಇವತ್ತು ಶಬ್ದ ಇಲ್ಲ."

"ಮನೇಲಿ ಯಾರಿದ್ದಾರೆ?" ಎಂದು ವೈಜಯಂತಿ ಜೋರಾಗಿ ಕೇಳಿದರು. ಬೇರೇನು ಕೇಳಬೇಕೆಂದು ತೋಚಲಿಲ್ಲ.

"ಅಮ್ಮ ಒಬ್ರೇ. ಇದು ನಾ ಹೇಳಿದ್ದು ಅಂತ ಗೊತ್ತಾದ್ರೆ ನನ್ನ ಬಿಡುದಿಲ್ಲ."

ಅವರು ನೇರವಾಗಿ ಆ ಕೋಣೆಗೆ ಹೋಗಲಿಲ್ಲ. ಇನ್ನೆರಡು ಬ್ಯಾರಕ್ಕು ನೋಡಿದರು, ಅಡುಗೆಮನೆಯಲ್ಲಿ ದಾಲ್ ರುಚಿ ನೋಡಿದರು, ಆಮೇಲೆ ಹಿಂಬಾಗಿಲಿನಿಂದ ಹೊರಬಂದು, "ಇದೇನು?" ಎಂದರು.

"ಸ್ಟೋರ್ ರೂಮು. ಕೀಲಿ ಸಾಹೇಬರ ಹತ್ತಿರ ಇದೆ, ಅವರು ಕೋರ್ಟಿಗೆ ಹೋಗಿದ್ದಾರೆ," ಎಂದ ಡೆಪ್ಯುಟಿ.

"ಬರೋವರೆಗೂ ಕೂತಿರ್ತೀನಿ."

ಬೋರಲು ಹಾಕಿದ್ದ ಪಾತ್ರೆಯೊಂದರ ಮೇಲೆ ಅವರು ಎರಡು ಗಂಟೆ ಕೂತರು. ಒಳಗಿನಿಂದ ನಿಜಕ್ಕೂ ಸದ್ದಿರಲಿಲ್ಲ. ಕೊನೆಗೆ, "ಬಾಗಿಲು ತೆಗೆಯಲು ಒಪ್ಪಲಿಲ್ಲ ಅಂತ ನಿಮ್ಮ ಹೆಸರಿನ ಸಮೇತ ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋಗ್ತೀನಿ," ಎಂದು ಎದ್ದಾಗ, ಹತ್ತು ನಿಮಿಷದಲ್ಲಿ ಕೀಲಿ ಬಂತು.

ಬಾಗಿಲು ತೆರೆದದ್ದೇ ವಾಸನೆಗೆ ಸೆರಗು ಮೂಗಿಗೆ ಹೋಯಿತು. ನೆಲದ ಮೇಲಿದ್ದವನ ಎಡಗಾಲು ಕಪ್ಪಗೆ ಬಾತಿತ್ತು. ಉಸಿರಿತ್ತು. ಆಂಬುಲೆನ್ಸ್ ಬರುವವರೆಗೆ ವೈಜಯಂತಿ ಬಾಗಿಲು ಬಿಟ್ಟು ಕದಲಲಿಲ್ಲ. ಬಂದ ಮೇಲೆ ತಾವೂ ಹತ್ತಿಕೊಂಡರು.

ಮರುದಿನ ಊಟದ ಮೇಜಿನ ಮೇಲೆ ವರದಿ ಬರೆದು ಗಂಡನಿಗೆ ಓದಲು ಕೊಟ್ಟರು. ಕೃಷ್ಣಮೂರ್ತಿ ಎರಡನೇ ಪುಟದಲ್ಲಿ ನಿಂತರು.

"'ವಿಚಾರಣಾಧೀನ ಕೈದಿಯೊಬ್ಬ ಕನ್ನಡದಲ್ಲಿ ನೀಡಿದ ಮಾಹಿತಿಯ ಮೇರೆಗೆ.' ಈ ವಾಕ್ಯ ಬೇಕಾ?"

"ಹೆಸರು ಹಾಕಿಲ್ಲವಲ್ಲ. ಮೂಲ ಹೇಳದಿದ್ದರೆ ಗಾಳಿಮಾತು ಅಂತ ಪಕ್ಕಕ್ಕಿಡ್ತಾರೆ."

ವರದಿ ಹೋಯಿತು. ಏಪ್ರಿಲ್‌ನಲ್ಲಿ ಡೆಪ್ಯುಟಿಗೆ ವರ್ಗವಾಯಿತು. ಕಾಲು ಮುರಿದವನು ಬದುಕಿಕೊಂಡ.

ಮೇ ತಿಂಗಳಲ್ಲಿ ವೈಜಯಂತಿ ಮತ್ತೆ ಹೋದಾಗ ಐದನೇ ಬ್ಯಾರಕ್ಕಿನಲ್ಲಿ ಜಯಾನಂದ ಇರಲಿಲ್ಲ. ಬೇರೆ ಜೈಲಿಗೆ ಕಳಿಸಿದ್ದೇವೆ ಎಂದರು. ಯಾಕೆಂದು ಕೇಳಿದರೆ ಜಾಗ ಸಾಲದು ಎಂದರು. ಪಕ್ಕದಲ್ಲಿ ಮಲಗುತ್ತಿದ್ದ ಮುದುಕ ಕೈದಿ ತಲೆಯೆತ್ತದೆ, "ಬಹುತ್ ಮಾರಾ," ಎಂದಷ್ಟೇ ಹೇಳಿದ. ತುಂಬಾ ಹೊಡೆದರು. ಎರಡು ವಾರದ ನಂತರ ವೈಜಯಂತಿಯವರ ನೇಮಕವನ್ನು ಹಿಂತೆಗೆದುಕೊಂಡ ಪತ್ರ ಅಂಚೆಯಲ್ಲಿ ಬಂತು. ಅದರಲ್ಲಿ ಕಾರಣವಿರಲಿಲ್ಲ.

ಜೂನ್ ಬಿಸಿಲಿನಲ್ಲಿ ಅವರು ಆ ಇನ್ನೊಂದು ಜೈಲಿನ ಮುಂದೆ, ಕೈದಿಗಳ ಹೆಂಡಿರು, ತಾಯಂದಿರ ಸಾಲಿನಲ್ಲಿ ನಾಲ್ಕು ಗಂಟೆ ನಿಂತರು. ಚೀಟಿಯಲ್ಲಿ ಸಂಬಂಧ ಎಂಬಲ್ಲಿ 'ಚಿಕ್ಕಮ್ಮ' ಎಂದು ಬರೆದರು.

ಎರಡು ಪದರದ ಜಾಲರಿಯಾಚೆ ಜಯಾನಂದ ಬಂದ. ಸುತ್ತ ಎಲ್ಲರೂ ಕಿರುಚಿ ಮಾತಾಡುತ್ತಿದ್ದರು. ಅವನು ಬಲಗಿವಿಯನ್ನು ಜಾಲರಿಗೆ ತಿರುಗಿಸಿದ.

"ಈ ಕಡೆಗೆ ಹೇಳಿ. ಆ ಕಿವಿ ಹೋಯ್ತು."

"ನಾನು ನಿನ್ನ ಹೆಸರು ಬರೀಲಿಲ್ಲಪ್ಪ."

"ಕನ್ನಡ ಅಂತ ಬರೆದ್ರಲ್ಲ. ಅಲ್ಲಿ ಕನ್ನಡದವ ನಾನೊಬ್ಬನೇ ಅಲ್ವಾ ಅಮ್ಮ?"

ವೈಜಯಂತಿ ಜಾಲರಿ ಹಿಡಿದುಕೊಂಡರು. "ತಪ್ಪಾಯ್ತು," ಎಂದರು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಕೂಗಿ ಹೇಳಿದರು.

"ಆ ಕೋಣೆಯಲ್ಲಿದ್ದವ ಬದುಕಿದನಾ?" ಎಂದು ಜಯಾನಂದ ಕೇಳಿದ.

"ಬದುಕಿದ. ಕೋಲು ಹಿಡಿದು ನಡೀತಾನೆ."

"ಅವನ ಹೆಸರು ಸಹ ನಂಗೆ ಗೊತ್ತಿಲ್ಲ," ಎಂದ ಜಯಾನಂದ. ಸಮಯ ಮುಗಿಯಿತೆಂದು ಪೇದೆ ಅವನ ತೋಳು ಹಿಡಿದ.

ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣೆ ಮುಗಿಯುವ ಮುನ್ನವೇ ಜೈಲಿನಲ್ಲಿ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕೆಂಬ ಕಾನೂನು ಹಿಂದಿನ ವರ್ಷವೇ ಬಂದಿತ್ತು. ವೈಜಯಂತಿ ವಕೀಲೆ ಪ್ರಣೀತಾಳನ್ನು ಹಿಡಿದು ಅರ್ಜಿ ಹಾಕಿಸಿದರು. ಆರು ಸಲ ತಾರೀಕು ಮುಂದೂಡಿ ಡಿಸೆಂಬರಿನಲ್ಲಿ ಆದೇಶವಾಯಿತು. ಬಿಡುಗಡೆ ಶುಕ್ರವಾರ ಎಂದಿದ್ದರು. ಗುರುವಾರ ಸಂಜೆಯೇ ಬಿಟ್ಟರು. ವೈಜಯಂತಿಗೆ ಗೊತ್ತಾದದ್ದು ಮರುದಿನ, ಪ್ರಣೀತಾ ಫೋನ್ ಮಾಡಿದಾಗ.

"ನನಗೆ ಏನಾದರೂ ಹೇಳಿದನಾ?"

"ಇಲ್ಲ ಮೇಡಂ. ಹೊರಗೆ ಬಂದು ಬೂತಿನಿಂದ ಫೋನ್ ಮಾಡಿ, ರೈಲ್ವೆ ಸ್ಟೇಷನ್ನಿಗೆ ಯಾವ ಬಸ್ಸು ಅಂತ ಮಾತ್ರ ಕೇಳಿದ."