ಹೊಳೆಗೆ ಸೇರದ ಮಾತು

ಆಶಾರಾಣಿ ಟೀಚರ್‌ಗೆ ಪ್ಯಾರಾ ಅಂದರೆ ಪ್ರಾಣ. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಪುಟ್ಟ ಶಾಲೆಯಲ್ಲಿ ಉಳಿದವರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಾಪಿ ಬರೆಸಿ ಕೈತೊಳೆದುಕೊಳ್ಳುತ್ತಿದ್ದರೆ, ಈಕೆ ಮಾತ್ರ ಕೆಂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ಪ್ಯಾರಾ ಅಂದರೆ ಒಂದು ಮನೆ. ಮೊದಲ ವಾಕ್ಯ ಯಜಮಾನ, ವಿಷಯ ಏನೆಂದು ಅವನೇ ಹೇಳಬೇಕು. ನಡುವಿನ ವಾಕ್ಯಗಳು ಅವನ ಮಾತಿಗೆ ಹೆಗಲು ಕೊಡಬೇಕು. ಕೊನೆಯದು ಎಲ್ಲವನ್ನೂ ಸೇರಿಸಿ ಗಂಟು ಹಾಕಬೇಕು. ಪಕ್ಕದ ಮನೆಯವರು ನುಗ್ಗಿದರೆ ಕೆಂಪು ಗೆರೆ, ಜೊತೆಗೆ ಕ್ಲಾಸಿನ ಎದುರಿಗೇ ಒಂದು ಮಂಗಳಾರತಿ. ಮಕ್ಕಳು ಚೆನ್ನಾಗಿಯೇ ಕಲಿತಿದ್ದರು. ಹೆದರಿ ಕಲಿತಿದ್ದರು ಎಂಬುದು ಆಕೆಯ ಲೆಕ್ಕಕ್ಕೆ ಬಂದಿರಲಿಲ್ಲ.

ತೊಂಬತ್ತೆಂಟರ ಬೇಸಿಗೆ ಶುರುವಾಗುವ ಹೊತ್ತಿಗೆ ಆಕೆಗೊಂದು ಹುಕಿ ಹುಟ್ಟಿತು. ಮಕ್ಕಳನ್ನು ಹರಿಹರಕ್ಕೆ ಕರೆದೊಯ್ದು, ತುಂಗಭದ್ರೆಯ ಮುಂದೆಯೇ ಕೂರಿಸಿ ಹೊಳೆಯ ಮೇಲೆ ಪ್ಯಾರಾ ಬರೆಸಬೇಕು! ಜೊತೆಗೆ ಬರಬೇಕಿದ್ದ ಡ್ರಿಲ್ ಮೇಷ್ಟ್ರು ಜ್ವರವೆಂದು ಮಲಗಿದರು. ನಾನೊಬ್ಬಳೇ ಸಾಕು ಎಂದು ಈಕೆ ಹೊರಟೇಬಿಟ್ಟಳು. ರೈಲ್ವೆ ಸ್ಟೇಷನ್ನಿನಲ್ಲಿ ಖೈರುನ್ನೀಸಾ ತನ್ನ ಮಗಳು ನೂರೀನ್‌ಳ ಕೈಯನ್ನು ಆಕೆಯ ಕೈಗೆ ಇಟ್ಟು, "ನಿಮ್ ಮಡಿಲಿಗೆ ಹಾಕೀನ್ರಿ ಟೀಚರ್" ಅಂದಿದ್ದಳು.

ಹೊಳೆಯ ಮೆಟ್ಟಿಲ ಮೇಲೆ ಮಕ್ಕಳು ಸಾಲಾಗಿ ಕೂತರು. "ಪ್ಯಾರಾ ಮುಗಿಯೋತನಕ ಯಾರೂ ಏಳಂಗಿಲ್ಲ. ಬ್ಯಾರೆ ಮಾತು ಎತ್ತಂಗಿಲ್ಲ. ಬರೀ ಹೊಳೆ. ಗೊತ್ತಾತಾ?" ಎಂದು ಹೇಳಿ, ಬೇಗ ಬರೆದು ತಂದವರ ಪುಸ್ತಕ ತಿದ್ದಲು ಕೂತಳು. ತಿದ್ದುತ್ತಾ ತಿದ್ದುತ್ತಾ ಲೋಕ ಮರೆತಳು. ತಲೆ ಎತ್ತಿದಾಗ ಅಂಕಿತಾಳ ಪಕ್ಕದ ಜಾಗ ಖಾಲಿಯಿತ್ತು. ನೂರೀನ್‌ಳ ಚೀಲವಿತ್ತು, ನೂರೀನ್ ಇರಲಿಲ್ಲ.

ಮೊದಲು ಸಿಟ್ಟು ಬಂತು. ಗದರಿಸಿ ಕರೆದಳು. ಮತ್ತೆ ಕರೆದಳು. ಆಮೇಲೆ ಮೆಟ್ಟಿಲಿಳಿದು ನೀರಿನ ಅಂಚಿಗೆ ಓಡಿದಳು. ಹೊಳೆಯಲ್ಲಿ ನೀರು ಇಳಿದಿತ್ತು ನಿಜ, ಆದರೆ ಮರಳು ತೆಗೆದ ಗುಂಡಿಗಳಲ್ಲಿ ಆಳೆತ್ತರಕ್ಕೆ ನಿಂತಿತ್ತು. ಆ ಹಸಿರು ನೀರು ನೋಡುತ್ತಲೇ ಆಕೆ ಮಕ್ಕಳತ್ತ ತಿರುಗಿದಳು.

"ನೂರೀನ್ ಹೊಳೆ ಹತ್ರ ಏನ್ ಮಾಡ್ತಿದ್ಲು? ಯಾರ್ ನೋಡಿದ್ರಿ? ಹೇಳ್ರೋ!"

ಕ್ಲಾಸಿಗೆ ಮೊದಲಿಗಳಾದ ಅಂಕಿತಾ ಎದ್ದು, ಕೈಕಟ್ಟಿ ನಿಂತಳು. "ನೂರೀನ್ ಹೊಳೆ ಹತ್ರ ಇದ್ಲು ಮಿಸ್. ಅವಳು ಹೊಳೆ ನೋಡಿ ಬರೀತಿದ್ಲು. ಹೊಳ್ಯಾಗೆ ಮೀನು ಐತೆ ಅಂದ್ಲು. ಹೀಗೆ ನೂರೀನ್ ಹೊಳೆ ಹತ್ರ ಇದ್ಲು."

ಬೇರೆ ದಿನವಾಗಿದ್ದರೆ ಬೆನ್ನು ತಟ್ಟಬೇಕಾದ ಪ್ಯಾರಾ. ಇವತ್ತು ಅದನ್ನು ಕೇಳಿ ಆಶಾರಾಣಿ, ಯಾರಾದ್ರೂ ಬರ್ರೋ ಎಂದು ಕಿರುಚಿದಳು. ಮೀನು ನೋಡಲು ಬಗ್ಗಿದ್ದಾಳೆ, ಜಾರಿದ್ದಾಳೆ. ಆಕೆ ಬೇರೇನನ್ನೂ ಯೋಚಿಸಲಾರದೆ ಹೋದಳು.

ಕೂಗು ಕೇಳಿ ಹರಿಗೋಲಿನ ಗಿಡ್ಡಪ್ಪ ಓಡಿಬಂದ. "ಯಾವ ಬಣ್ಣದ ಲಂಗರೀ?" ಅಂದ. ಯೂನಿಫಾರ್ಮಿನ ಬಣ್ಣ ಬಾಯಿಗೆ ಬರದೆ ಆಕೆ ಅಂಕಿತಾಳತ್ತ ಕೈ ತೋರಿಸಿದಳು. ಅವನು ಗಳ ಹಿಡಿದು ಗುಂಡಿಗಿಳಿದ. ಗಳಕ್ಕೆ ಏನೋ ಭಾರವಾಗಿ ತಗುಲಿತು, ಅವನ ಮುಖ ಗಂಟಿಕ್ಕಿತು. ಆಶಾರಾಣಿ ಸೆರಗು ಬಾಯಿಗೆ ತುರುಕಿಕೊಂಡಳು. ಮೇಲೆ ಬಂದದ್ದು ಕೆಸರು ತುಂಬಿದ ಗೋಣಿಚೀಲ. ಮಕ್ಕಳೆಲ್ಲ ಒಟ್ಟಿಗೆ ಅಳತೊಡಗಿದರು. "ಇನ್ನೊಂದು ಗುಂಡಿ ಐತೆ, ನೋಡ್ತೀನಿ" ಎಂದು ಅವನು ಮುಂದಕ್ಕೆ ಸರಿದ.

ಅಂಕಿತಾ ಮಾತ್ರ ಅಳುತ್ತಿರಲಿಲ್ಲ. ಅವಳ ತುಟಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದು ಈಗ ಆಶಾರಾಣಿಯ ಕಣ್ಣಿಗೆ ಬಿತ್ತು.

"ಏನೋ ಹೇಳಾಕ ಹೊಂಟಿದ್ದಿ, ಏನದು?"

"ಏನಿಲ್ಲ ಮಿಸ್. ಅದು ಹೊಳಿಗೆ ಸೇರಲ್ಲ."

ಆಶಾರಾಣಿ ಮೆಟ್ಟಿಲ ಮೇಲೆ ಮಂಡಿಯೂರಿ ಅವಳ ಭುಜ ಹಿಡಿದಳು. "ಸೇರದಿದ್ರೂ ಹೇಳವ್ವಾ. ಕಾಲಿಗ್ ಬೀಳ್ತೀನಿ, ಹೇಳು."

"ನೂರೀನ್‌ಗೆ ಒಂದಕ್ಕೆ ಅವಸರ ಆಗಿತ್ತು ಮಿಸ್. ನಿಮ್ಮನ್ನ ಕೇಳಾಕ ಅಂಜಿದ್ಲು. ಇಲ್ಲಿ ಗಂಡಸ್ರು ಜಳಕ ಮಾಡ್ತಾರೆ ಅಂತ ಹಿಂದಿನ ಓಣಿಗೆ ಹೋದ್ಲು. ಜೊತಿಗೆ ಬಾ ಅಂದ್ಲು, ನಂದು ಇನ್ನೂ ಮುಗಿದಿರ್ಲಿಲ್ಲ." ಅಷ್ಟು ಹೇಳಿ ಅಂಕಿತಾ ಬಿಕ್ಕಿಬಿಕ್ಕಿ ಅತ್ತಳು.

ಮಕ್ಕಳನ್ನು ಹೊಳೆಯ ಬಳಿ ಬಿಡಲು ಧೈರ್ಯ ಸಾಲದೆ, ಒಬ್ಬರ ಕೈ ಒಬ್ಬರಿಗೆ ಹಿಡಿಸಿ, ಎಲ್ಲರನ್ನೂ ಎಳೆದುಕೊಂಡೇ ಆಶಾರಾಣಿ ಓಣಿಗೆ ಓಡಿದಳು. ಓಣಿಯಲ್ಲಿ ಜನ ಎಂಥೆಂಥವರಿರುತ್ತಾರೋ ಎಂಬ ಹೊಸ ಹೆದರಿಕೆ ಈಗ ಹೊಳೆಯ ಹೆದರಿಕೆಯ ಮೇಲೆ ಹತ್ತಿ ಕೂತಿತು. ಮನೆಮನೆಯ ಬಾಗಿಲು ಬಡಿದಳು. ಒಂದು ಹಿತ್ತಲಿನಿಂದ ತಗಡು ಬಡಿಯುವ ಸದ್ದು ಬಂತು. ಅಲ್ಲಿ ತಿಮ್ಮವ್ವ ಎಂಬ ಮುದುಕಿ ಪಾಯಖಾನೆಯ ಪಕ್ಕದಲ್ಲೇ ನಿಶ್ಚಿಂತೆಯಿಂದ ಅಕ್ಕಿ ಕೇರುತ್ತಿದ್ದಳು. ಅವಳಿಗೆ ಕಿವಿ ಪೂರ್ತಿ ಮಂದ.

ಆಶಾರಾಣಿ ಪಾಯಖಾನೆಯ ತಗಡಿನ ಬಾಗಿಲಿನ ಹೊರಚಿಲಕ ಕಿತ್ತು ತೆಗೆದಳು. "ಅಯ್ಯ, ಹಂದಿ ನುಗ್ತಾವಂತ ನಾನೇ ಚಿಲಕ ಹಾಕ್ದೆನಲ್ರೀ!" ಎಂದು ತಿಮ್ಮವ್ವ ಬಾಯಿ ಬಡಿದುಕೊಂಡಳು.

ಒಳಗೆ ನೂರೀನ್ ಇದ್ದಳು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಬಡಿದ ಅಂಗೈ ಕೆಂಪಗಾಗಿತ್ತು. ಬೆಳಕು ಕಂಡದ್ದೇ ಹೊರಕ್ಕೆ ಹಾರಿದವಳು, ಎರಡೂ ತೋಳು ಚಾಚಿ ನಿಂತಿದ್ದ ಟೀಚರ್ ಮುಖ ನೋಡಿ ಗಕ್ಕನೆ ನಿಂತಳು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು, ಅದೇ ಕತ್ತಲೆಯ ಮೂಲೆಗೆ ಹೋಗಿ ಗೋಡೆಗೆ ಒತ್ತಿಕೊಂಡಳು.

"ಒಂದೇ ಒಂದು ವಾಕ್ಯ ಬಾಕಿ ಐತ್ರಿ ಮಿಸ್," ಅಂದಳು. "ಈಗ್ಲೇ ಬರದ್ ಕೊಡ್ತೀನ್ರಿ."

ಗಿಡ್ಡಪ್ಪನ ಗಳಕ್ಕೆ ಭಾರ ತಗುಲಿದಾಗಲೂ ಆಶಾರಾಣಿಗೆ ಇಷ್ಟು ಭಯವಾಗಿರಲಿಲ್ಲ. ಮಗು ಇಷ್ಟು ಹೊತ್ತು ಯಾವ ಕತ್ತಲೆಯಿಂದ ಬಿಡಿಸಿ ಎಂದು ಅತ್ತಿತ್ತೋ, ತನ್ನನ್ನು ಕಂಡು ಅದರೊಳಗೇ ಅಡಗಿತ್ತು. ಚಾಚಿದ ತೋಳು ಹಾಗೇ ಉಳಿಯಿತು. ಕೊನೆಗೆ ತಿಮ್ಮವ್ವನೇ ಒಳಗೆ ಹೋಗಿ ಹುಡುಗಿಯ ಕೈ ಹಿಡಿದು ಕರೆತಂದಳು.